ಎಥನಾಲ್ ಮಿಶ್ರಣ: ಇಂಜಿನ್ನಿನ ಲೆಕ್ಕವೂ ವ್ಯಾಪಾರಿಯ ಲೆಕ್ಕವೂ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಸ್ತೆಗಳಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಕಾಣಿಸುತ್ತದೆ. ಭೂಸನೂರು, ಹವಳಗಾ, ಚಿನಮಗೇರಾಗಳ ಕಾರ್ಖಾನೆಗಳ ಕಡೆಗೆ ಸಾಗುವ ಈ ಕಬ್ಬು ಹಿಂದೆ ಸಕ್ಕರೆಯ ಲೆಕ್ಕದಲ್ಲಿ ಮಾತ್ರ ನಮ್ಮ ಗಮನಕ್ಕೆ ಬರುತ್ತಿತ್ತು. ಈಗ ಅದೇ ಬೆಳೆ ಎಥನಾಲ್ ರೂಪದಲ್ಲಿ ನಮ್ಮ ವಾಹನಗಳ ಟ್ಯಾಂಕಿಗೂ ಬಂದಿದೆ. ಆದ್ದರಿಂದ ಅದರ ಲಾಭ-ನಷ್ಟಗಳನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ವ್ಯಾಪಾರಿ ಬಾಂಧವರಾದ ನಮ್ಮೆಲ್ಲರ ಕರ್ತವ್ಯವೆಂದು ಭಾವಿಸುತ್ತೇನೆ.

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇ 5ರಷ್ಟು ಎಥನಾಲ್ ಬೆರೆಸುವ ಕಾರ್ಯಕ್ರಮ 2003ರ ಜನವರಿಯಲ್ಲಿ ಆರಂಭವಾಯಿತು. ಅನೇಕ ವರ್ಷಗಳ ಕಾಲ ಅದು ಕುಂಟುತ್ತಲೇ ಸಾಗಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ವೇಗ ಪಡೆದು, 2022ರ ಜೂನ್‌ನಲ್ಲಿ ಶೇ 10ರ ಗುರಿ ತಲುಪಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಶೇ 20ರ ಮಿಶ್ರಣದ ಇಂಧನವನ್ನು ಪ್ರಧಾನಿಯವರು ಬಿಡುಗಡೆ ಮಾಡಿದರು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು 2025ರಲ್ಲಿಯೇ ಮುಟ್ಟಲಾಯಿತು. ಆಡಳಿತದ ದೃಷ್ಟಿಯಿಂದ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಗುರಿ ಬೇಗ ತಲುಪಿತೇ ಹೊರತು ರಸ್ತೆಯಲ್ಲಿದ್ದ ಹಳೆಯ ವಾಹನಗಳು ಅಷ್ಟೇ ಬೇಗ ಬದಲಾಗಲಿಲ್ಲ. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಇಂಜಿನ್ನಿನೊಳಗಿನ ಹೊಂದಾಣಿಕೆ

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಕಿಲೋ ಇಂಧನಕ್ಕೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ನಲ್ಲಿ ಆಮ್ಲಜನಕವು ಮೊದಲೇ ಸೇರಿರುವುದರಿಂದ ಅದಕ್ಕೆ ಸುಮಾರು 9 ಕಿಲೋ ಸಾಕು. ಶೇ 10ರ ಮಿಶ್ರಣಕ್ಕೆ ಈ ಪ್ರಮಾಣ ಸುಮಾರು 14.1 ಆಗುತ್ತದೆ, ಶೇ 20ರ ಮಿಶ್ರಣಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಇಂಜಿನ್ ಹೆಚ್ಚು ಇಂಧನ ಸುರಿಯಬೇಕು. ಇಂಜೆಕ್ಷನ್ ವ್ಯವಸ್ಥೆಯ ಕಾರುಗಳಲ್ಲಿ ಈ ಕೆಲಸವನ್ನು ಇಸಿಯು ಎಂಬ ಕಂಪ್ಯೂಟರ್ ಮಾಡುತ್ತದೆ. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಕೊಡುವ ವರದಿಯನ್ನು ನೋಡಿ, ತನ್ನಲ್ಲಿರುವ ಮೂಲ ಪಟ್ಟಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇಂಧನ ಕೊಡಬೇಕೆಂದು ಅದು ತೀರ್ಮಾನಿಸುತ್ತದೆ. ಈ ತಿದ್ದುಪಡಿಗೆ ‘ಫ್ಯೂಯೆಲ್ ಟ್ರಿಮ್’ ಎಂದು ಹೆಸರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಲ್ಪಾವಧಿಯ ಟ್ರಿಮ್ ರೋಜು ಪುಸ್ತಕವಿದ್ದಂತೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ದೀರ್ಘಾವಧಿಯ ಟ್ರಿಮ್ ಖಾತೆ ಪುಸ್ತಕವಿದ್ದಂತೆ. ನಿತ್ಯದ ವ್ಯತ್ಯಾಸಗಳು ಸೇರಿ ಅಲ್ಲಿ ಬಾಕಿಯಾಗಿ ನಿಲ್ಲುತ್ತವೆ. ಶೇ 10ರ ಮಿಶ್ರಣಕ್ಕೆ ಸಿದ್ಧಪಡಿಸಿದ ಕಾರಿಗೆ ಶೇ 20ರ ಮಿಶ್ರಣ ಹಾಕಿದರೆ ಈ ಖಾತೆಯಲ್ಲಿ ಸುಮಾರು ಶೇ 4ರಷ್ಟು ಬಾಕಿ ತೋರಬೇಕು. ಇಷ್ಟನ್ನು ಯಾವ ಆರೋಗ್ಯವಂತ ಕಾರೂ ಸಹಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳಿಗೆ ಇಂಥ ತಿದ್ದುಪಡಿಯ ಸೌಲಭ್ಯವೇ ಇಲ್ಲ.

ಶಕ್ತಿ ಹೆಚ್ಚಿಸಲು ಟ್ಯೂನಿಂಗ್ ಮಾಡಿಸಿದ ಕಾರುಗಳ ಸ್ಥಿತಿ ಬೇರೆ. ಅಲ್ಲಿ ಮೂಲ ಪಟ್ಟಿಯನ್ನೇ ಬದಲಿಸಿರುತ್ತಾರೆ. ಪೂರ್ಣ ವೇಗೋತ್ಕರ್ಷದಲ್ಲಿ ಅನೇಕ ಇಸಿಯುಗಳು ಸೆನ್ಸರ್ ವರದಿಯನ್ನು ಬದಿಗಿಟ್ಟು ಆ ಪಟ್ಟಿಯಂತೆಯೇ ಇಂಧನ ಕೊಡುತ್ತವೆ. ಆ ಹೊತ್ತಿನಲ್ಲಿ ಮಿಶ್ರಣ ಲೀನ್ ಆಗುವುದು, ಅಂದರೆ ಗಾಳಿಗೆ ತಕ್ಕ ಇಂಧನ ಸಾಲದಾಗುವುದು, ಸಂಭವನೀಯ. ಎಥನಾಲ್‌ಗೆ ಆಕ್ಟೇನ್ ಹೆಚ್ಚು, ತಂಪಾಗಿಸುವ ಗುಣವೂ ಇದೆ ಎಂಬುದು ನಿಜ. ಆದರೆ ಅದಕ್ಕೆಂದೇ ಪಟ್ಟಿಯನ್ನು ಮತ್ತೆ ಬರೆಸಿದವರಿಗೆ ಮಾತ್ರ ಆ ಗುಣಗಳ ಪೂರ್ಣ ಲಾಭ ದೊರೆಯುತ್ತದೆ.

ಒಂದು ಅನುಭವ

ನನ್ನ ಕಕ್ಷಿದಾರರೊಬ್ಬರ ಮಗ 2019ರಲ್ಲಿ ತನ್ನ ಕಾರನ್ನು ಬೇರೊಂದು ನಗರದಲ್ಲಿ ಟ್ಯೂನ್ ಮಾಡಿಸಿದ್ದ. ಕಳೆದ ವರ್ಷ ಆತನೊಂದಿಗೆ ಜಿಡಗಾ ಮಠಕ್ಕೆ ಹೊರಟಿದ್ದೆ. ಆಳಂದ ದಾಟಿದ ಮೇಲೆ ಕಾರು ಎಳೆತವಿಲ್ಲದೆ ತಡವರಿಸಿತು; ಇಂಜಿನ್ ದೀಪವೂ ಹೊತ್ತಿತು. ಮರುದಿನ ಒಂದು ಗ್ಯಾರೇಜಿನಲ್ಲಿ ‘ಎಲ್ಲ ಎಥನಾಲ್ ದೋಷ’ ಎಂದು ಹೇಳಿ ಸೆನ್ಸರ್, ಇಂಜೆಕ್ಟರ್, ಪಂಪು ಎಲ್ಲವನ್ನೂ ಬದಲಿಸುವ ಅಂದಾಜು ಪಟ್ಟಿ ಕೊಟ್ಟರು. ಮೊತ್ತ ನೋಡಿ ತಂದೆ ದಂಗಾದರು. ಇನ್ನೊಬ್ಬ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿ ಮೊದಲು ಅಂಕಿಗಳನ್ನು ಬರೆದುಕೊಂಡ. ಇಂಜಿನ್ ನಿಂತಲ್ಲಿಯೇ ಓಡುವಾಗ ಟ್ರಿಮ್ ಶೇ 14ರಷ್ಟು ಅಧಿಕವಿತ್ತು. ವೇಗ ಹೆಚ್ಚಿಸಿದಾಗ ಶೇ 6ರ ಸುಮಾರಿಗೆ ಇಳಿಯಿತು. ‘ಎಲ್ಲ ವೇಗದಲ್ಲೂ ಒಂದೇ ಇದ್ದರೆ ಇಂಧನದ ಗುಣ, ನಿಂತಾಗ ಹೆಚ್ಚಾಗಿ ಓಡಿದಾಗ ತಗ್ಗಿದರೆ ಎಲ್ಲೋ ಗಾಳಿ ಸೋರುತ್ತಿದೆ, ಭಾರ ಬಿದ್ದಾಗ ಏರಿದರೆ ಪಂಪು, ಫಿಲ್ಟರ್ ನೋಡಬೇಕ್ರಿ ಸಾಹೇಬ್ರ’ ಎಂದು ಆತ ವಿವರಿಸಿದ. ಸೀಳಿದ್ದ ಒಂದು ರಬ್ಬರ್ ಕೊಳವೆ ಬದಲಿಸಿದ ಮೇಲೆ ಎಲ್ಲ ವೇಗದಲ್ಲೂ ಶೇ 6ರ ಆಸುಪಾಸು ಉಳಿಯಿತು. ಅಷ್ಟು ಮಾತ್ರ ಎಥನಾಲ್‌ನ ಪಾಲು.

ಲೆಕ್ಕ ಪರಿಶೋಧನೆಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಆ ಮೆಕ್ಯಾನಿಕ್‌ನ ಕ್ರಮ ಬಹಳ ಮೆಚ್ಚುಗೆಯಾಯಿತು. ಯಾವ ವ್ಯತ್ಯಾಸ ಯಾವ ಕಾರಣಕ್ಕೆ ಎಂದು ಬೇರ್ಪಡಿಸದೆ ಎಲ್ಲವನ್ನೂ ಒಂದೇ ಶೀರ್ಷಿಕೆಯಡಿ ಖರ್ಚು ಹಾಕುವುದು ತಪ್ಪು. ಎಥನಾಲ್ ವಿಷಯದಲ್ಲಿ ಇಂದು ನಡೆಯುತ್ತಿರುವುದೂ ಅದೇ. ಒಂದು ಪಕ್ಷ ಎಲ್ಲ ದೋಷವನ್ನೂ ಎಥನಾಲ್ ತಲೆಗೆ ಕಟ್ಟುತ್ತದೆ, ಇನ್ನೊಂದು ಪಕ್ಷ ಯಾವ ದೋಷವೂ ಇಲ್ಲವೆನ್ನುತ್ತದೆ.

ಖರ್ಚು ಯಾರ ತಲೆಗೆ?

ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನದಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯೇ ಇದನ್ನು ಒಪ್ಪಿಕೊಂಡಿದೆ: ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4, ಶೇ 10ಕ್ಕೆ ವಿನ್ಯಾಸಗೊಂಡು ಶೇ 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2 ಕುಸಿಯಬಹುದು.

ಸಣ್ಣ ವ್ಯಾಪಾರಿಯೊಬ್ಬರ ಪೆಟ್ರೋಲ್ ವಾಹನ ವರ್ಷಕ್ಕೆ 24,000 ಕಿ.ಮೀ. ಓಡುತ್ತದೆ, ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಆಗ 1,600 ಲೀಟರ್ ಬೇಕು. ಕ್ಷಮತೆ ಶೇ 4ರಷ್ಟು ತಗ್ಗಿದರೆ ಸುಮಾರು 1,667 ಲೀಟರ್ ಬೇಕಾಗುತ್ತದೆ. ಲೆಕ್ಕದ ಸುಲಭಕ್ಕಾಗಿ ಲೀಟರಿಗೆ ರೂ. 100 ಎಂದರೂ ವರ್ಷಕ್ಕೆ ಸುಮಾರು ರೂ. 6,700 ಅಧಿಕ ವೆಚ್ಚ. ಮೂರು ವಾಹನಗಳಿದ್ದರೆ ರೂ. 20,000. ಅಲ್ಪ ಲಾಭಾಂಶದ ಕಿರಾಣಿ ಅಥವಾ ಬೇಕರಿ ವ್ಯವಹಾರಕ್ಕೆ ಇದು ಕಡೆಗಣಿಸುವ ಮೊತ್ತವಲ್ಲ.

ಇದರ ಮೇಲೆ ತೆರಿಗೆಯ ಭಾರ. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ. ಹೂಡುವಳಿ ತೆರಿಗೆಯ ಜಮೆ ನಮಗಿಲ್ಲ. ಕೇಂದ್ರದ ಸುಂಕ ಲೀಟರಿನ ಮೇಲೆ. ರಾಜ್ಯದ ಮಾರಾಟ ತೆರಿಗೆ ಬೆಲೆಯ ಮೇಲೆ; ಅದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಶೇ 25.92ರಿಂದ 29.84ಕ್ಕೆ ಏರಿಸಿತು. ಓಡುವ ದೂರ ಅಷ್ಟೇ ಇದ್ದು ಲೀಟರ್ ಹೆಚ್ಚಾದರೆ ತೆರಿಗೆಯೂ ಹೆಚ್ಚಾಗುತ್ತದೆ. ಕ್ಷಮತೆಯ ನಷ್ಟಕ್ಕೂ ನಾವು ತೆರಿಗೆ ಕಟ್ಟುತ್ತಿದ್ದೇವೆ ಎಂಬುದನ್ನು ಕಡಿಮೆ ಜನ ಗಮನಿಸಿದ್ದಾರೆ.

ಎಥನಾಲ್ ಅಗ್ಗವಲ್ಲ, ಆದ್ದರಿಂದ ಬೆಲೆ ಇಳಿಸಲಾಗದು ಎಂಬುದು ಸರ್ಕಾರದ ಉತ್ತರ. ಅದರಲ್ಲಿ ಸತ್ಯಾಂಶವಿದೆ. 2024-25ರ ಸಾಲಿಗೆ ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ ರೂ. 71.86 ನಿಗದಿಯಾಗಿತ್ತು. ಹಾಗಾದರೆ ಪರಿಹಾರ ತೆರಿಗೆಯ ಮೂಲಕ ಬರಬೇಕು. ಗ್ರಾಹಕನ ನಷ್ಟ ತುಂಬಲು ತೆರಿಗೆ ರಿಯಾಯಿತಿ ಪರಿಶೀಲಿಸಬೇಕೆಂದು ನೀತಿ ಆಯೋಗದ ವರದಿಯೇ ಸೂಚಿಸಿತ್ತು. ಬ್ರೆಜಿಲ್ ದೇಶದಲ್ಲಿ ಎಥನಾಲನ್ನು ಪ್ರತ್ಯೇಕವಾಗಿಯೂ ಮಾರುತ್ತಾರೆ. ಅದರ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆಯಿದ್ದರೆ ಮಾತ್ರ ಲಾಭವೆಂದು ಅಲ್ಲಿನ ಸಾಮಾನ್ಯ ಗ್ರಾಹಕನೂ ಬಲ್ಲ. ಶೇ 20ರ ಮಿಶ್ರಣದ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ವಜಾಗೊಳಿಸಿದೆ. ಇನ್ನು ಉಳಿದಿರುವುದು ನೀತಿಯ ಮಟ್ಟದ ಮನವಿಯ ಮಾರ್ಗ.

ನಮ್ಮ ನಿಲುವು

ನಾನು ಎಥನಾಲ್ ವಿರೋಧಿಯಲ್ಲ. ಸಕ್ಕರೆ ಮಾರಾಟವಾಗುವ ತನಕ ಕಾಯದೆ ಕಾರ್ಖಾನೆಗಳ ಕೈಗೆ ಹಣ ಬಂದರೆ ರೈತನ ಬಾಕಿ ಬೇಗ ಚುಕ್ತಾ ಆಗುವ ಸಾಧ್ಯತೆ ಹೆಚ್ಚು. ಭೀಮಾ ತೀರದ ರೈತನ ಕೈಯಲ್ಲಿ ಹಣವಿದ್ದರೆ ತಾನೇ ನಮ್ಮ ಅಂಗಡಿಗಳಲ್ಲಿ ವ್ಯಾಪಾರ? ಆದರೆ ರಾಷ್ಟ್ರಹಿತದ ಯೋಜನೆಯ ವೆಚ್ಚವನ್ನು ಹಳೆಯ ವಾಹನದ ಮಾಲೀಕನೊಬ್ಬನೇ ಹೊರುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ವಾಣಿಜ್ಯ ಸಂಸ್ಥೆಯು ಮೂರು ಅಂಶಗಳ ಮನವಿ ಸಲ್ಲಿಸಬೇಕೆಂದು ವಿನಂತಿಸುತ್ತೇನೆ. ಮೊದಲನೆಯದು, ಪ್ರತಿ ಬಂಕಿನಲ್ಲಿ ಮಿಶ್ರಣದ ಪ್ರಮಾಣವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಎರಡನೆಯದು, ಕ್ಷಮತೆಯ ನಷ್ಟಕ್ಕೆ ಸಮನಾದ ತೆರಿಗೆ ಕಡಿತವಾಗಬೇಕು. ಮೂರನೆಯದು, ಹಳೆಯ ವಾಹನಗಳಿಗೆ ಶೇ 10ರ ಮಿಶ್ರಣ ಕೆಲವು ವರ್ಷಗಳಾದರೂ ದೊರೆಯಬೇಕು.

ಸರ್ಕಾರದ ಉತ್ತರ ಬರುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಪ್ರತಿ ವಾಹನಕ್ಕೂ ಲೀಟರ್ ಮತ್ತು ಕಿಲೋಮೀಟರ್ ಬರೆದಿಡುವ ಒಂದು ಪುಸ್ತಕ ತೆರೆಯಿರಿ. ಸರ್ವಿಸ್‌ಗೆ ಬಿಟ್ಟಾಗ ಟ್ರಿಮ್ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಟ್ಯೂನಿಂಗ್ ಮಾಡುವ ಗ್ಯಾರೇಜಿನವರು ಯಾವ ಮಿಶ್ರಣಕ್ಕೆ ಪಟ್ಟಿ ಬರೆದೆವೆಂದು ಲಿಖಿತವಾಗಿ ಕೊಡಲಿ. ಆರು ತಿಂಗಳ ಇಂಥ ದಾಖಲೆಗಳನ್ನು ನೂರು ಸದಸ್ಯರು ಒಟ್ಟುಗೂಡಿಸಿ ಮನವಿಯ ಜೊತೆ ಲಗತ್ತಿಸಿದರೆ, ಅದನ್ನು ಬರಿಯ ದೂರು ಎಂದು ಯಾವ ಅಧಿಕಾರಿಯೂ ಬದಿಗಿಡಲಾರರು.