ಕೊಳ್ಳುವವರಿಗೆ ತೆರೆದ ಬಾಗಿಲು, ಉಳುವವರಿಗೆ ಮುಚ್ಚಿದ ಬಾಗಿಲು: ಊರಿಗೆ ಹೊರಟ ಯುವಜನರ ಮುಂದಿರುವ ಅಸಲಿ ತೊಡಕು

ನಗರದ ಕೆಲಸ ಬಿಟ್ಟು ಸಣ್ಣ ಊರಿನಲ್ಲಿ ನೆಲೆಸಿ ಕೃಷಿ ಮಾಡಬೇಕೆಂಬ ಮಾತು ಮುಂಬೈ, ಪುಣೆ, ಹೈದರಾಬಾದ್‌ಗಳ ಕನ್ನಡ ಕುಟುಂಬಗಳಲ್ಲಿ ಹೊಸದೇನಲ್ಲ. ಎಂ.ಎ. ಮುಗಿಸಿ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿ ಅವರ ಬದುಕು ಎರಡು ತಲೆಮಾರಿನ ಓದುಗರಿಗೆ ಈ ಆಸೆ ಹುಟ್ಟಿಸಿದೆ. 2020ರ ಲಾಕ್‌ಡೌನ್ ಅದಕ್ಕೆ ಅನಿವಾರ್ಯತೆಯ ಬಣ್ಣವನ್ನೂ ಕೊಟ್ಟಿತು. ಆದರೆ ಆಸೆ ಇದ್ದವರೆಲ್ಲ ಊರು ಸೇರುತ್ತಿಲ್ಲ, ಸೇರಿದವರೆಲ್ಲ ಉಳಿಯುತ್ತಿಲ್ಲ. ಮನೋಬಲ ಸಾಲದು ಎಂದು ಇದಕ್ಕೆ ಕಾರಣ ಹೇಳುವುದು ಸುಲಭ. ನಿಜವಾದ ತೊಡಕು ಬೇರೆಡೆ ಇದೆ, ಅದರ ಒಂದು ದೊಡ್ಡ ಭಾಗ ಭೂ ಕಾನೂನಿನಲ್ಲಿದೆ.

ಅಂಕಿ-ಅಂಶ ಹೇಳುವುದೇನು?

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ. 42.5ರಷ್ಟು ಮಂದಿ ಕೃಷಿಯಲ್ಲಿದ್ದರು. 2019-20ರಲ್ಲಿ ಈ ಪ್ರಮಾಣ ಶೇ. 45.6ಕ್ಕೆ ಏರಿತು. 2023-24ರಲ್ಲೂ ಅದು ಶೇ. 46ರ ಆಸುಪಾಸಿನಲ್ಲೇ ಇತ್ತು. ದಶಕಗಳಿಂದ ಇಳಿಯುತ್ತಿದ್ದ ಸಂಖ್ಯೆ ಹೀಗೆ ಏರಿ ಅಲ್ಲೇ ನಿಂತಿದೆ. ಇದನ್ನು ಕೃಷಿಯ ಮೇಲಿನ ಒಲವು ಎಂದು ಓದಿದರೆ ತಪ್ಪಾಗುತ್ತದೆ. ಬೇರೆಡೆ ಕೆಲಸ ಸಿಗದೆ ಮನೆಯ ಹೊಲಕ್ಕೇ ಮರಳಿದವರು, ಸಂಬಳವಿಲ್ಲದೆ ಕುಟುಂಬದ ಜಮೀನಿನಲ್ಲಿ ದುಡಿಯುವ ಮಹಿಳೆಯರು ಈ ಏರಿಕೆಯಲ್ಲಿ ದೊಡ್ಡ ಪಾಲು.

ಹೊಲವಾದರೂ ಎಷ್ಟಿದೆ? 1970-71ರ ಕೃಷಿ ಗಣತಿಯಲ್ಲಿ ದೇಶದ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2.28 ಹೆಕ್ಟೇರ್ ಇತ್ತು. 2015-16ರ ಹೊತ್ತಿಗೆ ಅದು 1.08 ಹೆಕ್ಟೇರ್‌ಗೆ, ಅಂದರೆ ಎರಡೂಮುಕ್ಕಾಲು ಎಕರೆಗಿಂತ ಕಡಿಮೆಗೆ ಇಳಿದಿದೆ. ಅಣ್ಣ-ತಮ್ಮಂದಿರ ನಡುವೆ ಮತ್ತೆ ಪಾಲಾದರೆ ಒಬ್ಬೊಬ್ಬರಿಗೆ ಉಳಿಯುವುದು ಗುಂಟೆ ಲೆಕ್ಕ. ಹಾಗಾಗಿ ಊರಿಗೆ ಬರುವ ಯುವಕ ಅಥವಾ ಯುವತಿಗೆ ಎರಡೇ ದಾರಿ: ಒಂದೋ ಜಮೀನು ಕೊಳ್ಳಬೇಕು, ಇಲ್ಲವೇ ಗೇಣಿಗೆ ಹಿಡಿಯಬೇಕು.

2020ರ ತಿದ್ದುಪಡಿ ಯಾರಿಗೆ ಅನುಕೂಲ?

ಮೊದಲ ದಾರಿ 2020ರಲ್ಲಿ ಸುಲಭವಾಯಿತು. ಅಲ್ಲಿಯವರೆಗೆ ಕರ್ನಾಟಕದ ಭೂಸುಧಾರಣಾ ಕಾಯ್ದೆಯ ಕಲಂ 79ಎ ಮತ್ತು 79ಬಿ ಅಡಿಯಲ್ಲಿ ಕೃಷಿಯೇತರ ಆದಾಯ ಹೆಚ್ಚಿದ್ದವರು ಹಾಗೂ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ನಿರ್ಬಂಧವಿತ್ತು. ಆದಾಯದ ಮಿತಿಯನ್ನು 2015ರಲ್ಲಿ 25 ಲಕ್ಷ ರೂಪಾಯಿಗೆ ಏರಿಸಲಾಗಿತ್ತು. 2020ರ ತಿದ್ದುಪಡಿ ಈ ಕಲಂಗಳನ್ನೇ ತೆಗೆದುಹಾಕಿತು. ನೆರೆಯ ಮಹಾರಾಷ್ಟ್ರದಲ್ಲಿ ಕೃಷಿಕರಲ್ಲದವರಿಗೆ ಇಂದಿಗೂ ಅನುಮತಿ ಬೇಕು. ಆದರೆ ಪುಣೆಯಲ್ಲಿ ಕುಳಿತ ಉದ್ಯೋಗಿ ಕರ್ನಾಟಕದಲ್ಲಿ ಎಕರೆಗಟ್ಟಲೆ ಜಮೀನು ಕೊಳ್ಳಬಹುದು. ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ ಮಾತ್ರ 1978ರ ಪಿಟಿಸಿಎಲ್ ಕಾಯ್ದೆಯ ರಕ್ಷಣೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಪಹಣಿಯ ಜತೆಗೆ ಮೂಲ ಮಂಜೂರಾತಿ ಪತ್ರವನ್ನೂ ನೋಡಬೇಕು ಎಂದು ತಿಳಿದವರು ಹೇಳುವುದು ಇದಕ್ಕೇ.

ಕೊಳ್ಳುವ ಹಕ್ಕು ಸಿಕ್ಕಿತು ಸರಿ, ಹಣ? ಐದಾರು ವರ್ಷದ ಉಳಿತಾಯವನ್ನು ಸುರಿದು ಎರಡು ಎಕರೆ ಕೊಂಡರೆ ಬೇಲಿ, ಬೋರ್‌ವೆಲ್, ಪಂಪ್‌ಸೆಟ್‌ಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು, ಕಾಫಿಗೂ ಕಾಳುಮೆಣಸಿಗೂ ಮೂರು-ನಾಲ್ಕು ವರ್ಷ. 25ರ ಹರೆಯದ ಸಾಮಾನ್ಯ ಸಂಬಳದಾರನಿಗೆ ಇದು ನಿಲುಕುವ ಲೆಕ್ಕವಲ್ಲ. ಕಾನೂನು ತೆರೆದ ಬಾಗಿಲಿನಲ್ಲಿ ಸುಲಭವಾಗಿ ಒಳಬಂದವರು ವಾರಾಂತ್ಯದ ತೋಟದ ಮನೆ ಬಯಸುವವರು, ಹೂಡಿಕೆಗೆ ಜಮೀನು ಹುಡುಕುವವರು. ಅಲ್ಲೇ ಇದ್ದು ಉಳುಮೆ ಮಾಡಬೇಕೆನ್ನುವ ಯುವಜನರಲ್ಲ.

ಗೇಣಿ ನಿಷೇಧ: ಅಂದಿನ ನ್ಯಾಯ, ಇಂದಿನ ಇಕ್ಕಟ್ಟು

ಎರಡನೆಯ ದಾರಿ ಕಾನೂನಿನ ಪ್ರಕಾರ ಮುಚ್ಚಿಯೇ ಇದೆ. ಭೂಸುಧಾರಣಾ ಕಾಯ್ದೆಯ ಕಲಂ 5ರ ಅಡಿ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರು, ನಾವಿಕರಿಗೆ ಮಾತ್ರ ವಿನಾಯಿತಿ.

ಈ ನಿಷೇಧಕ್ಕೆ ಗಟ್ಟಿಯಾದ ಕಾರಣವಿತ್ತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರರು ಭೂ ನ್ಯಾಯಮಂಡಳಿಗಳಿಗೆ ಅರ್ಜಿ ಹಾಕಿ ತಾವು ಉಳುತ್ತಿದ್ದ ನೆಲದ ಹಕ್ಕು ಪಡೆದರು. ಕರಾವಳಿಯಲ್ಲಂತೂ ಅದು ಸಾಮಾಜಿಕ ಕ್ರಾಂತಿಯನ್ನೇ ತಂದಿತು. ತಲೆತಲಾಂತರದಿಂದ ಧಣಿಗಳಿಗೆ ಗೇಣಿ ಅಳೆಯುತ್ತಿದ್ದ ಕುಟುಂಬಗಳು ಭೂಮಾಲೀಕರಾದವು, ಅವರ ಮಕ್ಕಳು ಓದಿ ಮುಂಬೈಗೂ ಕೊಲ್ಲಿಗೂ ಹೋದರು. ಹಳೆಯ ಶೋಷಣೆ ಮರಳಬಾರದು ಎಂದೇ ಹೊಸ ಗೇಣಿಯನ್ನು ನಿಷೇಧಿಸಲಾಯಿತು.

ಐವತ್ತು ವರ್ಷಗಳ ನಂತರ ಚಿತ್ರ ತಿರುವುಮುರುವಾಗಿದೆ. ಅಂದು ಗೇಣಿಯಿಂದ ಬಿಡುಗಡೆ ಪಡೆದವರ ಮಕ್ಕಳು-ಮೊಮ್ಮಕ್ಕಳೇ ಇಂದು ನಗರದಲ್ಲಿರುವ ಜಮೀನುದಾರರು. ಉಡುಪಿ, ದಕ್ಷಿಣ ಕನ್ನಡದಲ್ಲಿ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಬೇಕಾಗಿ ಬಂದದ್ದೇ ಸಮಸ್ಯೆಯ ಆಳ ತೋರಿಸುತ್ತದೆ. ಗದ್ದೆಯನ್ನು ಬೇರೆಯವರಿಗೆ ಉಳಲು ಕೊಟ್ಟರೆ ನಾಳೆ ಅವರದ್ದೇ ಆಗಿಬಿಟ್ಟರೆ ಎಂಬ ಅಂಜಿಕೆ ಮಾಲೀಕರನ್ನು ಇನ್ನೂ ಬಿಟ್ಟಿಲ್ಲ.

ಹಾಗೆಂದು ಗೇಣಿ ನಿಂತಿಲ್ಲ. ಗೇಣಿ, ಲಾವಣಿ, ಕೋರು, ಪಾಲು ಎಂದು ಪ್ರದೇಶಕ್ಕೊಂದು ಹೆಸರಿನಲ್ಲಿ ಬಾಯಿಮಾತಿನ ಮೇಲೆ ನಡೆದೇ ಇದೆ. ಬಾಯಿಮಾತಿನ ಒಪ್ಪಂದದಲ್ಲಿ ಉಳುವವನ ಹೆಸರು ಪಹಣಿಯಲ್ಲಿ ಬರುವುದಿಲ್ಲ. ಪಹಣಿ ಇಲ್ಲದಿದ್ದರೆ 'ಫ್ರೂಟ್ಸ್' ತಂತ್ರಾಂಶದಲ್ಲಿ ಆ ಜಮೀನು ಅವನ ಲೆಕ್ಕಕ್ಕೆ ಸೇರುವುದಿಲ್ಲ. ಸೇರದಿದ್ದರೆ ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆ ಸಾಲ, ಬೆಳೆ ನಷ್ಟದ ಪರಿಹಾರ ಸಿಗುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಇಂಥ ವರ್ಷದಲ್ಲಿ ಬೆಳೆ ಕಳೆದುಕೊಳ್ಳುವುದು ಉಳುಮೆ ಮಾಡಿದವನು, ಪರಿಹಾರದ ಹಣ ಜಮಾ ಆಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ.

ಜಮೀನು ಕೊಂಡವರಿಗೂ ಎಲ್ಲ ಸಿಗುವುದಿಲ್ಲ ಎಂಬುದು ಬೇರೆ ಮಾತು. ವರ್ಷಕ್ಕೆ 6,000 ರೂ. ಕೊಡುವ ಪಿಎಂ-ಕಿಸಾನ್ ಯೋಜನೆಗೆ 2019ರ ಫೆಬ್ರವರಿ 1ಕ್ಕೆ ಇದ್ದ ಭೂ ದಾಖಲೆಯೇ ಆಧಾರ. ವಾರಸುದಾರಿಕೆಯಿಂದ ಬಂದ ಜಮೀನು ಬಿಟ್ಟರೆ, ನಂತರ ಕೊಂಡವರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಊರಿನ ಬದುಕು ಬೆಳೆಯಿಂದಷ್ಟೇ ನಡೆಯದು

ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ 2018-19ರಲ್ಲಿ ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 10,218 ರೂ. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂ., ಕೂಲಿ-ಸಂಬಳದಿಂದ ಬಂದದ್ದು 4,063 ರೂ., ಪಶುಪಾಲನೆಯಿಂದ 1,582 ರೂ. ಅಂದರೆ ಹುಟ್ಟಾ ರೈತರ ಮನೆಯೂ ಬೆಳೆಯೊಂದನ್ನೇ ನಂಬಿ ನಡೆಯುತ್ತಿಲ್ಲ. ಹೊಸದಾಗಿ ಬಂದವರು ಮೊದಲ ವರ್ಷದಿಂದಲೇ ಬೆಳೆಯಿಂದ ಬದುಕುತ್ತೇವೆ ಎಂದು ಹೊರಟರೆ ಊರಿನವರು ತಲೆಯಾಡಿಸಿ ಸುಮ್ಮನಾಗುವುದು ಇದೇ ಕಾರಣಕ್ಕೆ.

ಶಿರಸಿ, ಮೂಡಿಗೆರೆ, ಹಿರಿಯೂರಿನಂತಹ ತಾಲೂಕು ಕೇಂದ್ರಗಳ ಮಹತ್ವ ಇರುವುದು ಇಲ್ಲಿ. ಸುತ್ತಲಿನ ಹಳ್ಳಿಗಳ ಫಸಲು ಬಂದು ಸೇರುವ ಇಂಥ ಊರುಗಳಲ್ಲಿ ಸಹಕಾರ ಸಂಘ, ಗೊಬ್ಬರದಂಗಡಿ, ಶಾಲೆ, ಆಸ್ಪತ್ರೆ, ಬ್ಯಾಂಕ್ ಇವೆ. ಲೆಕ್ಕಪತ್ರ ಬರೆಯುವುದು, ಪಾಠ ಹೇಳುವುದು, ಮನೆಯಿಂದಲೇ ಕಂಪನಿಯ ಕೆಲಸ, ಯಂತ್ರ ರಿಪೇರಿ ಹೀಗೆ ಎರಡನೆಯ ಆದಾಯಕ್ಕೆ ಅವಕಾಶವಿರುವುದೂ ಅಲ್ಲೇ. ಮೊದಲು ಊರಿನಲ್ಲಿ ಬಾಡಿಗೆ ಮನೆ ಮಾಡಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದು, ಬಾವಿಯ ನೀರು ಏಪ್ರಿಲ್‌ನಲ್ಲಿ ಎಲ್ಲಿಗೆ ಇಳಿಯುತ್ತದೆ ಎಂದು ನೋಡಿ, ಆಮೇಲೆ ಸಣ್ಣ ತುಂಡು ನೆಲದಲ್ಲಿ ಕೈಯಾಡಿಸುವುದು ವಿವೇಕದ ಕ್ರಮ. ಆದರೆ ಆ 'ಸಣ್ಣ ತುಂಡು ನೆಲ' ಸಿಗಬೇಕಾದರೆ ಮತ್ತೆ ಗೇಣಿಯೇ ಬೇಕು.

ಮದುವೆಯ ಪ್ರಶ್ನೆಯೂ ಇದರ ಜತೆಗಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಭಾಗದ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ ವರ್ಷದ ಚುನಾವಣೆಯಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂ. ಕೊಡುವ ಭರವಸೆ ನೀಡಿದರು. ಹಲವರು ನಕ್ಕರು. ಆದರೆ ಹೆಣ್ಣು ಹೆತ್ತವರು ಕೇಳುತ್ತಿರುವುದು ಸರಳ ಪ್ರಶ್ನೆ: ತಿಂಗಳಿಗೆ ನಿಶ್ಚಿತವಾಗಿ ಬರುವುದೆಷ್ಟು? ಮಗಳು ಓದಿದ್ದಕ್ಕೆ ಆ ಊರಿನಲ್ಲಿ ಕೆಲಸವಿದೆಯೇ? ಉತ್ತರವಿಲ್ಲದ ಕಡೆ ಸಹಾಯಧನ ಕೆಲಸ ಮಾಡದು.

ನೆರೆ ರಾಜ್ಯಗಳ ಪಾಠ

ನೀತಿ ಆಯೋಗ 2016ರಲ್ಲೇ ಕೃಷಿ ಜಮೀನಿನ ಗೇಣಿಗೆ ಮಾದರಿ ಕಾಯ್ದೆಯೊಂದನ್ನು ಸಿದ್ಧಪಡಿಸಿತ್ತು. ಮಾಲೀಕತ್ವಕ್ಕೆ ಧಕ್ಕೆಯಿಲ್ಲದೆ, ಉಳುವವನಿಗೆ ಸಾಲ-ವಿಮೆ ಸಿಗುವಂತೆ ಮಾಡುವುದು ಅದರ ತಿರುಳು. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು 11 ತಿಂಗಳ ಒಪ್ಪಂದದ ಮೇಲೆ ಗುರುತಿನ ಕಾರ್ಡ್ ಕೊಟ್ಟಿತು. ಆದರೆ ಮಾಲೀಕರ ಸಹಿ ಕಡ್ಡಾಯವಾಗಿದ್ದರಿಂದ ಹಲವರು ಸಹಿ ಹಾಕಲು ಹಿಂಜರಿದರು. ಕೇರಳದಲ್ಲಿ ಗೇಣಿ ನಿಷೇಧವಿದ್ದರೂ ಕುಟುಂಬಶ್ರೀ ಮಹಿಳಾ ಗುಂಪುಗಳು ಪಾಳು ನೆಲ ಹಿಡಿದು ಸಾಗುವಳಿ ಮಾಡುತ್ತಿವೆ. ಊರಿನವರಿಗೆ ಗೊತ್ತಿರುವ ಸಂಘ ನಡುವೆ ನಿಂತಾಗ ಮಾಲೀಕರ ಅಂಜಿಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಕರ್ನಾಟಕಕ್ಕೆ ಸಲ್ಲುವ ದಾರಿಯೂ ಇದರ ಸುತ್ತಮುತ್ತಲೇ ಇದೆ. ಮೂರರಿಂದ ಐದು ವರ್ಷದ ಲಿಖಿತ ಒಪ್ಪಂದ, ಅವಧಿ ಮುಗಿದ ಮೇಲೆ ಯಾವುದೇ ಒಡೆತನದ ಹಕ್ಕು ಇಲ್ಲವೆಂಬ ಸ್ಪಷ್ಟ ಮಾತು, ಸಹಕಾರ ಸಂಘ ಅಥವಾ ಗ್ರಾಮ ಪಂಚಾಯಿತಿಯ ಮೂಲಕ ನೋಂದಣಿ, ಬೆಳೆ ನಷ್ಟದ ಪರಿಹಾರ ಉಳುಮೆ ಮಾಡಿದವರಿಗೇ ಸಂದಾಯ. ಗೇಣಿ ತೆರೆದರೆ ಕಂಪನಿಗಳು ನೂರಾರು ಎಕರೆ ಹಿಡಿದುಬಿಡುತ್ತವೆ ಎಂಬ ರೈತ ಸಂಘಟನೆಗಳ ಆತಂಕ ಸುಳ್ಳಲ್ಲ. ಅದಕ್ಕೆಂದೇ ಒಬ್ಬರಿಗೆ ಇಷ್ಟೇ ಎಕರೆ ಎಂಬ ಮಿತಿ, ತಾಲೂಕಿನಲ್ಲಿ ವಾಸವಿದ್ದು ಸ್ವತಃ ಸಾಗುವಳಿ ಮಾಡುವ ವ್ಯಕ್ತಿಗಳಿಗೆ ಮಾತ್ರ ಅವಕಾಶ ಎಂಬ ಷರತ್ತು ಬೇಕು. ಈಗಾಗಲೇ ಬಾಯಿಮಾತಿನ ಮೇಲೆ ಉಳುತ್ತಿರುವ ಭೂಹೀನರಿಗೆ ಮೊದಲ ಆದ್ಯತೆ ಸಿಗಬೇಕು, ನಗರದಿಂದ ಬಂದವರು ಅವರನ್ನು ಎಬ್ಬಿಸುವಂತಾಗಬಾರದು.

2020ರಲ್ಲಿ ಸರ್ಕಾರ ಹಣವಿದ್ದವರ ಮೇಲೆ ನಂಬಿಕೆಯಿಟ್ಟು ಕಾಯ್ದೆ ಸಡಿಲಿಸಿತು. ದುಡಿಯಲು ಸಿದ್ಧವಿರುವ, ಆದರೆ ಹಣವಿಲ್ಲದ ಯುವಜನರ ಮೇಲೆ ಅಂಥದ್ದೇ ನಂಬಿಕೆ ಇನ್ನೂ ಮೂಡಿಲ್ಲ. ಅಲ್ಲಿಯವರೆಗೆ ಮುಂಬೈಯಲ್ಲಿರುವ ಮಾಲೀಕರ ಗದ್ದೆಯಲ್ಲಿ ಹುಲ್ಲು ಬೆಳೆಯುತ್ತಿರುತ್ತದೆ, ಪಕ್ಕದ ತಾಲೂಕು ಕೇಂದ್ರದಲ್ಲಿ ಬಾಡಿಗೆಗಿರುವ ಯುವಕ ಅರ್ಧ ಎಕರೆ ನೆಲಕ್ಕಾಗಿ ಹುಡುಕುತ್ತಿರುತ್ತಾನೆ. ಇಬ್ಬರೂ ಹೆದರದೆ ಸಹಿ ಹಾಕಬಹುದಾದ ಒಂದು ಕಾಗದವನ್ನು ರೂಪಿಸುವುದು ವಿಧಾನಸೌಧಕ್ಕೆ ಸಾಧ್ಯವಾಗದ ಕೆಲಸವಲ್ಲ.