ನಮ್ಮೂರಿನ ಚಿತ್ರ ಯಾರು ಬರೀಬೇಕು?

ಹೋದ ವಾರ ಗೆಂಡೆಹಳ್ಳಿ ಕಡೆ ಒಂದು ಹಳೇ ಹೆಂಚಿನ ಮನೆ ಕೆಡವಿದರು. ಜೆಸಿಬಿ ಬಂದಿದ್ದು ಬೆಳಗ್ಗೆ. ಮಧ್ಯಾಹ್ನದ ಊಟದ ಹೊತ್ತಿಗೆ ಜಗಲಿ, ಕಂಬ, ಅಟ್ಟ ಎಲ್ಲಾ ನೆಲಸಮ. ನಾನೂ ಎಲ್ಲರ ಹಾಗೆ ಮೊಬೈಲ್ ತೆಗೆದು ವಿಡಿಯೋ ಮಾಡಿದೆ, ಸ್ಟೇಟಸ್‌ಗೆ ಹಾಕಿದೆ. ಮಾರನೇ ದಿನ ಅದು ತಾನಾಗೇ ಹೋಯ್ತು. ಆಮೇಲೆ ಗ್ಯಾಲರಿ ತಡಕಾಡಿದರೆ, ಆ ಮನೆ ನಿಂತಿದ್ದಾಗ ಹೇಗಿತ್ತು ಅನ್ನೋದಕ್ಕೆ ಒಂದು ಫೋಟೋನೂ ನನ್ನ ಹತ್ತಿರ ಇಲ್ಲ. ಬೀಳೋದು ಮಾತ್ರ ಇದೆ.

ಆಗ ನೆನಪಾದವಳು ಹೆಲೆನ್ ಆಲಿಂಗ್‌ಹ್ಯಾಮ್. ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಚಿತ್ರಕಲಾವಿದೆ, ಹುಟ್ಟಿದ್ದು 1848ರಲ್ಲಿ. ಅಪ್ಪ ಡಾಕ್ಟರ್. ಗಂಟಲುಮಾರಿ ಹರಡಿದಾಗ ರೋಗಿಗಳನ್ನು ನೋಡ್ತಾ ನೋಡ್ತಾ ತಾವೇ ಅದಕ್ಕೆ ಬಲಿಯಾದರು. ಹುಡುಗಿ ಮುಂದೆ ಪತ್ರಿಕೆಗಳಿಗೆ ಚಿತ್ರ ಬರೆದುಕೊಟ್ಟು ದುಡಿದಳು. 1881ರಲ್ಲಿ ಲಂಡನ್ ಬಿಟ್ಟು ಸರ್ರೆ ಅನ್ನೋ ಸೀಮೆಯ ವಿಟ್ಲಿ ಎಂಬ ಹಳ್ಳಿಗೆ ಬಂದು ನೆಲೆಸಿದಳು. ಆಗ ಅಲ್ಲಿ ಹಳೇ ಕೂಲಿಕಾರರ ಮನೆಗಳನ್ನು ಕೆಡವೋದು, ಇಲ್ಲಾ ಪೇಟೆಯವರು ಕೊಂಡು ಹೊಸದು ಮಾಡೋದು ಜೋರಾಗಿತ್ತು. ಈಕೆ ಆ ಮನೆಗಳ ಮುಂದೆಯೇ ಕೂತು ಜಲವರ್ಣದಲ್ಲಿ ಒಂದೊಂದಾಗಿ ಬರೆದಳು. ಸೂರು, ಕಿಟಕಿ, ಬೇಲಿ, ಬೇಲಿ ಪಕ್ಕ ಮಗು ಎತ್ತಿಕೊಂಡು ನಿಂತ ಹೆಂಗಸು, ಕೋಳಿ. 1890ರಲ್ಲಿ ಅಲ್ಲಿನ ರಾಯಲ್ ಜಲವರ್ಣ ಸಂಘ ಈಕೆಗೆ ಪೂರ್ಣ ಸದಸ್ಯತ್ವ ಕೊಟ್ಟಿತು. ಹೆಂಗಸಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಆ ಚಿತ್ರಗಳನ್ನು ಮೊಬೈಲಲ್ಲಿ ನಮ್ಮಜ್ಜಿಗೆ ತೋರಿಸಿದೆ. ಕನ್ನಡಕ ಸರಿಮಾಡ್ಕೊಂಡು ನೋಡಿದರು. "ಚೆನ್ನಾಗೈತೆ ಕಣಪ್ಪ. ಆದ್ರೆ ಈವಮ್ಮ ಮಳೆಗಾಲದಲ್ಲಿ ಬಂದಂಗಿಲ್ಲ" ಅಂದರು.

ದೊಡ್ಡ ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆದ ಆಕ್ಷೇಪವನ್ನು ಅಜ್ಜಿ ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಆ ಚಿತ್ರಗಳಲ್ಲಿ ಸೂರು ಸೋರೋದಿಲ್ಲ. ಮಕ್ಕಳಿಗೆ ಕೆಮ್ಮಿಲ್ಲ. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಬೇಸಾಯ ನೆಲ ಕಚ್ಚಿತ್ತು, ಕೂಲಿ ಸಾಲದೆ ಜನ ಹಳ್ಳಿ ಬಿಟ್ಟು ಪೇಟೆಗೆ, ಹಡಗು ಹತ್ತಿ ಹೊರದೇಶಕ್ಕೆ ಹೋಗ್ತಿದ್ದರು. ಅದರ ಸುಳಿವೂ ಅಲ್ಲಿಲ್ಲ. ಅವನ್ನು ಕೊಂಡು ಗೋಡೆಗೆ ಹಾಕಿಕೊಂಡವರು ಪೇಟೆಯ ಅನುಕೂಲಸ್ಥರು.

ಹಾಗಾಗಿ "ಹಳೇ ಮನೆ ಉಳಿಸಿ" ಅಂತ ನಾನು ಇಲ್ಲಿ ಬರೆಯೋದಿಲ್ಲ. ನಾಡಹೆಂಚಿನ ಮನೇಲಿ ಬೆಳೆದವನು ನಾನು. ಕೋತಿ ಹೆಂಚು ಒಡೆದರೆ ಏನಾಗುತ್ತೆ, ಆಷಾಢದಲ್ಲಿ ಎಷ್ಟು ಪಾತ್ರೆ ನೆಲದ ಮೇಲೆ ಇಡಬೇಕು, ಹಾಸಿಗೆ ಯಾವ ಮೂಲೆಗೆ ಎಳೀಬೇಕು, ಎಲ್ಲಾ ಗೊತ್ತು. ತಾರಸಿ ಬೇಕು ಅನ್ನೋದು ನ್ಯಾಯವಾದ ಆಸೆ. ನನ್ನ ತಕರಾರು ಬೇರೆ. ಬೀಳೋಕೆ ಮೊದಲು ಅದನ್ನ ಒಂದು ಸಲ ಕಣ್ಣಿಟ್ಟು ನೋಡಿದವರು ಯಾರು?

ನಮ್ಮ ಸೀಮೆಗೂ ವಿಕ್ಟೋರಿಯಾ ಕಾಲದ ಇಂಗ್ಲಿಷಿನವರು ಬಂದಿದ್ದರು. 1850ರ ದಶಕದಲ್ಲೇ ರಿಚರ್ಡ್ ಓಕ್ಲಿ ಎಂಬಾತ ಹಳೇಬೀಡಿನ ಫೋಟೋ ತೆಗೆದ. 1859ರಲ್ಲಿ ಅದು ಪುಸ್ತಕವಾಗಿ ಬಂತು. ಆ ಪುಸ್ತಕ ಇರೋದು ದೇವಸ್ಥಾನದ ಬಗ್ಗೆ. ಈಗಲೂ ಹಾಗೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು, ಸಂತೋಷ. ಬಂದವರು ಶಿಲಾಬಾಲಿಕೆ ನೋಡ್ತಾರೆ, ಸೆಲ್ಫಿ ತಗೋತಾರೆ, ಹೊರಡ್ತಾರೆ. ದೇವಸ್ಥಾನದ ಸುತ್ತಲಿನ ಊರು ಅವರಿಗೆ ಬರೀ ಪಾರ್ಕಿಂಗ್ ಜಾಗ. ಅವರನ್ನು ಬೈದು ಏನು ಮಾಡೋದು, ನಾವೂ ನೋಡ್ತಿಲ್ಲವಲ್ಲ.

ಕನ್ನಡದಲ್ಲಿ ಹಾಗೆ ನೋಡಿದವರು ಇದ್ದರು. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪ ಊಟಿಯ ಬೆಟ್ಟ, ಮಂಜು, ಕೆರೆಯನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರದೇ ಹೆಸರು. ಆದರೆ ನನಗೆ ಹತ್ತಿರ ಅನ್ನಿಸೋರು ರುಮಾಲೆ ಚನ್ನಬಸವಯ್ಯ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ಕಲಾಮಂದಿರದಲ್ಲಿ ಚಿತ್ರಕಲೆ ಕಲಿತ ಹುಡುಗ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ಜೈಲು ಕಂಡರು, ಸೇವಾದಳದಲ್ಲಿ ದುಡಿದರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು. (ನಮ್ಮಂಥ ಪತ್ರಿಕೋದ್ಯಮದವರಿಗೆ ಇದು ಕೊಂಚ ಹೆಮ್ಮೆಯ ವಿಷಯ.) ಕುಂಚ ಕೆಳಗಿಟ್ಟು ವರ್ಷಗಳೇ ಆಗಿದ್ದವು. 1960ರ ದಶಕದಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ, ಮತ್ತೆ ಎತ್ತಿಕೊಂಡರು. 1988ರಲ್ಲಿ ತೀರಿಕೊಂಡರು.

ಅವರು ಬರೆದದ್ದು ಹೂಬಿಟ್ಟ ಮರಗಳನ್ನು, ಕೆರೆಗಳನ್ನು, ಬಂಡೆಗಳನ್ನು. ಸಾಮಾನು ಹೊತ್ತುಕೊಂಡು ಮರ ಇರೋ ಜಾಗಕ್ಕೇ ಹೋಗಿ, ಬಿಸಿಲಲ್ಲಿ ನಿಂತು ಬರೆಯೋದು ಅವರ ಪದ್ಧತಿ. ಬಣ್ಣ ದಪ್ಪ ದಪ್ಪ, ಕಣ್ಣು ಕೋರೈಸೋ ಹಾಗೆ. ಮೊದಲ ಸಲ ನೋಡಿದಾಗ "ಇಷ್ಟೊಂದು ಕೆಂಪು ಇರುತ್ತಾ" ಅನ್ನಿಸಿತ್ತು. ಏಪ್ರಿಲ್‌ನಲ್ಲಿ ಗುಲ್‌ಮೊಹರ್ ಮರದ ಕೆಳಗೆ ನಿಂತು ನೋಡಿದೆ. ಇರುತ್ತೆ. ಅವರು ಬರೆದ ಆ ಬೆಂಗಳೂರು ಈಗಿಲ್ಲ, ಚಿತ್ರ ಇದೆ.

ಆದರೆ ರುಮಾಲೆಯವರ ಒಂದು ಚಿತ್ರವನ್ನಾದರೂ ನೋಡಿದ ಮಕ್ಕಳು ನಮ್ಮ ಕಡೆ ಎಷ್ಟು ಜನ ಇದ್ದಾರೆ? ನಾನು ಓದಿದ ಹೈಸ್ಕೂಲಲ್ಲಿ ಡ್ರಾಯಿಂಗ್ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇತ್ತು, ಮೇಷ್ಟ್ರು ಇರಲಿಲ್ಲ. ಅದು ಗಣಿತಕ್ಕೆ ಹೋಗ್ತಿತ್ತು. ಯಾವಾಗಲಾದರೂ ಬರೆಸಿದರೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ಒಂದು ಗುಡಿಸಲು. ಹಾಸನದ ಮಗುವೂ ಬೀದರ್‌ನ ಮಗುವೂ ಅದೇ ಬೆಟ್ಟ ಬರೆಯುತ್ತೆ. ಕಿಟಕಿಯಾಚೆ ಕಾಫಿ ತೋಟ, ಸಿಲ್ವರ್ ಓಕ್ ಮರ, ಮೆಣಸಿನ ಬಳ್ಳಿ ಇದ್ದರೂ ಅದನ್ನು ಚಿತ್ರ ಬರೆಯೋಕೆ ಯೋಗ್ಯ ಅಂತ ನಮಗೆ ಯಾರೂ ಹೇಳಲಿಲ್ಲ.

ಡ್ರಾಯಿಂಗ್ ಮೇಷ್ಟ್ರನ್ನು ಕೊಡಿ ಅಂತ ನಾವು ಯಾವತ್ತೂ ಮನವಿ ಕೊಟ್ಟವರಲ್ಲ. ರಸ್ತೆಗೆ ಕೊಟ್ಟಿದ್ದೀವಿ, ಬಸ್ಸಿಗೆ ಕೊಟ್ಟಿದ್ದೀವಿ. ಇದಕ್ಕೂ ಕೊಡಬೇಕು. ಅಲ್ಲಿವರೆಗೆ ಪಂಚಾಯ್ತಿ ಅರಿವು ಕೇಂದ್ರದ ಗೋಡೆಗೆ ರುಮಾಲೆ, ವೆಂಕಟಪ್ಪನವರ ನಾಲ್ಕು ಚಿತ್ರಗಳ ದೊಡ್ಡ ಪ್ರಿಂಟ್ ಹಾಕಿಸಬಹುದು. ಲಲಿತಕಲಾ ಅಕಾಡೆಮಿ ಮನಸ್ಸು ಮಾಡಿದರೆ ಅದೇನು ಭಾರೀ ಖರ್ಚಿನ ಬಾಬತ್ತಲ್ಲ.

"ಫೋಟೋ ತೆಗೆದರಾಯ್ತಪ್ಪ, ಬರೆಯೋದು ಯಾಕೆ?" ಅಂತ ಗೆಳೆಯನೊಬ್ಬ ಕೇಳಿದ. ಉತ್ತರ ಹೇಳೋ ಬದಲು ಒಂದು ನೋಟ್‌ಬುಕ್ ಹಿಡಿದು ಪಕ್ಕದ ಬೀದಿಯ ಹಳೇ ಮನೆ ಎದುರು ಕೂತೆ. ನನಗೆ ಬರೆಯೋಕೆ ಬರಲ್ಲ, ಗೀಟು ಸೊಟ್ಟ. ಆದರೆ ಕೂತ ಹತ್ತು ನಿಮಿಷಕ್ಕೆ ಮನೆಯ ಯಜಮಾನರು ಬಂದು ನಿಂತರು. ಜಗಲಿ ಕಂಬ ಹಲಸಿನ ಮರದ್ದು ಅಂದರು. ಬಾಗಿಲ ಪಕ್ಕದ ಕಲ್ಲು ನುಣ್ಣಗಿರೋದು ಅವರಮ್ಮ ದಿನಾ ಅಲ್ಲೇ ಕೂತು ಅವರೆಕಾಯಿ ಸುಲೀತಿದ್ದರಿಂದ ಅಂದರು. ಆ ಕಂಬದ ಆಚೆ ಯಾರನ್ನೆಲ್ಲ ಬಿಟ್ಟುಕೊಳ್ತಿರಲಿಲ್ಲ ಅನ್ನೋದನ್ನೂ ದನಿ ತಗ್ಗಿಸಿ ಹೇಳಿದರು. ಮೊಬೈಲಲ್ಲಿ ಕ್ಲಿಕ್ ಮಾಡಿ ಹೊರಟಿದ್ದರೆ ಇದೊಂದೂ ನನಗೆ ಗೊತ್ತಾಗ್ತಿರಲಿಲ್ಲ.

ಆ ಮನೆಯನ್ನೂ ಯುಗಾದಿ ಕಳೆದ ಮೇಲೆ ಕೆಡವ್ತಾರಂತೆ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ಐದಾರು ಮಕ್ಕಳು ಬರ್ತೀವಿ ಅಂದಿದ್ದಾರೆ. ಪೆನ್ಸಿಲ್, ಹಾಳೆ ನಾನು ತರ್ತೀನಿ. ಮಳೆ ಬಂದರೆ ಒಳಗೆ ಕೂತು ಬರೆಯಿರಿ, ಸೂರು ಎಲ್ಲೆಲ್ಲಿ ಸೋರುತ್ತೆ ಅದನ್ನೂ ಬರೆಯಿರಿ ಅಂದಿದ್ದಾರೆ ಯಜಮಾನರು.