ಖರೇ ಸಹಿ, ಖೊಟ್ಟಿ ಸಹಿ

ಸಹಿಗಳ ವಿಷಯದಲ್ಲಿ ನಮ್ಮನ್ನು ಯಾರೂ ಮೋಸಗೊಳಿಸಲಾರರೆಂಬ ಸಣ್ಣದೊಂದು ಜಂಬ ನಮಗಿತ್ತು. ಇರದೆ ಏನು ಮಾಡೀತು? ಬಿ.ಎ. ಪಾಸು ಮಾಡಿ ಸರಕಾರಿ ಕಚೇರಿಯಲ್ಲಿ ಕಾರಕೂನರಾಗಿ ಸೇರಿದ ದಿನದಿಂದ ನಾವು ನೋಡುತ್ತ ಬಂದದ್ದೆಲ್ಲ ಸಹಿಗಳನ್ನೇ. ಸಾಹೇಬರು ಮನೆಗೆ ಹೊರಡುವ ಅವಸರದಲ್ಲಿ ಗೀಚಿದ ಸಹಿ, ಊಟವಾದ ಮೇಲಿನ ನಿದ್ದೆಗಣ್ಣಿನ ಸಹಿ, ಪಿಂಚಣಿಗಾಗಿ ಬಂದ ಮುದುಕರ ನಡುಗುವ ಸಹಿ, ಅಣ್ಣನ ಹೆಸರಿನಲ್ಲಿ ತಮ್ಮ ಮಾಡಿದ ಸಹಿ, ಹೀಗೆ ಸಾವಿರ ಬಗೆ. ಕಾಗದ ಕೈಗೆ ಬಂದೊಡನೆ ಅನುಮಾನದ್ದಾದರೆ ಪಕ್ಕದಲ್ಲಿ ಒಂದು ಶರಾ ಬರೆದು ಮರಳಿಸಿಬಿಡುವದು ನಮ್ಮ ಪದ್ಧತಿ.

ಇಂಥ ನಾವು ಕಳೆದ ವರುಷ ಮನೆಯ ಮಂಚದ ಮೇಲೆ ಕುಳಿತು, ಮೊಬೈಲಿನ ಮೇಲೆ ಬೆರಳಾಡಿಸಿ, 6,800 ರೂಪಾಯಿ ತೆತ್ತು ಒಂದು ಖೊಟ್ಟಿ ಸಹಿಯನ್ನು ಕೊಂಡೆವು. ವಾಚಕರು ನಗಬಹುದು. ನಕ್ಕಾದ ಮೇಲೆ ಮುಂದಿನದನ್ನು ಓದಬೇಕೆಂದು ವಿನಂತಿ. ಏಕೆಂದರೆ ನಿಮ್ಮ ಬೆರಳೂ ಇಂದೋ ನಾಳೆಯೋ ಅದೇ ಹಾದಿ ಹಿಡಿಯುವದುಂಟು.

ಕಾರಣ ಹೀಗಿತ್ತು. ನಮ್ಮ ತೀರ್ಥರೂಪರಿಗೆ ಎಪ್ಪತ್ತು ತುಂಬಿ ಭೀಮರಥ ಶಾಂತಿ ನಿಶ್ಚಯವಾಗಿತ್ತು. ಏನಾದರೂ ಉಡುಗೊರೆ ಕೊಡಬೇಕು. ಧೋತರ, ಶಾಲುಗಳನ್ನು ಬೀಗರು ತಂದೇ ತರುತ್ತಾರೆ. ತೀರ್ಥರೂಪರಿಗೆ ಜೀವನದಲ್ಲಿ ಇದ್ದ ಕೊರತೆಯೆಂದರೆ ಒಂದೇ. 1974ರ ಮಾರ್ಚಿನಲ್ಲಿ, ಧಾರವಾಡದ ಕಾಲೇಜಿಗೆ ಚಕ್ಕರು ಕೊಟ್ಟು, ಬೆಂಗಳೂರಿನ ಸೋದರಮಾವನ ಮನೆಯಲ್ಲಿಳಿದು ಅವರು ಕರ್ನಾಟಕ-ಮುಂಬಯಿ ರಣಜಿ ಸೆಮಿಫೈನಲ್ ಪಂದ್ಯವನ್ನು ನೋಡಿದ್ದರು. ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರಾಗಿ, 1973ರ ನವೆಂಬರ್ 1ರಿಂದ ಎಣಿಸಿದರೆ, ಆಗ ಇನ್ನೂ ಐದು ತಿಂಗಳು ಪೂರ್ತಿ ತುಂಬಿರಲಿಲ್ಲ. ಮುಂಬಯಿ ತಂಡವಾದರೋ ಸತತ 15 ವರುಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆ ಪಂದ್ಯದಲ್ಲಿ ಗುಂಡಪ್ಪ ವಿಶ್ವನಾಥ 162, ಬ್ರಿಜೇಶ ಪಟೇಲ 106 ಓಟ ಹೊಡೆದರು. ನಾಯಕ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು, ವಾಡೇಕರ ರನೌಟಾದರು. ಮೊದಲನೆಯ ಇನಿಂಗ್ಸಿನ ಮುನ್ನಡೆಯಿಂದ ಗೆದ್ದ ಕರ್ನಾಟಕ ಜಯಪುರಕ್ಕೆ ಹೋಗಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ತಂದಿತು.

ಸೆಮಿಫೈನಲ್ ಮುಗಿದ ಸಂಜೆ ನೂಕುನುಗ್ಗಲಿನಲ್ಲಿ ನುಗ್ಗಿ ತೀರ್ಥರೂಪರು ವಿಶ್ವನಾಥರ ಸಹಿಯನ್ನು ನೋಟುಬುಕ್ಕಿನ ಬೆನ್ನಿನ ಮೇಲೆ ಪಡೆದಿದ್ದರಂತೆ. ಮುಂದೆ ನೌಕರಿಗಾಗಿ ಪುಣೆಗೆ ಬರುವಾಗ ಆ ನೋಟುಬುಕ್ಕು ಹಳೆಯ ಪೇಪರುಗಳ ಜೊತೆ ರದ್ದಿಗೆ ಹೋಯಿತು. ಈ ಕಥೆಯನ್ನು ನಾವು ತೊಟ್ಟಿಲಿನಿಂದಲೇ ಕೇಳುತ್ತ ಬಂದವರು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ದಿನ ಕಾಣಿಸಿತು: 'ವಿಶ್ವನಾಥರ ಸಹಿಯುಳ್ಳ ಬ್ಯಾಟು, ಪ್ರಮಾಣಪತ್ರ ಸಹಿತ.' ಆ ಕ್ಷಣದಲ್ಲಿ ನಮ್ಮೊಳಗಿನ ಕಾರಕೂನ ಎಲ್ಲಿಗೋ ರಜೆ ಹಾಕಿ ಹೋದ. ಮಗ ಮಾತ್ರ ಉಳಿದ. ಹಣ ಕಳಿಸಿದೆವು. ಐದನೆಯ ದಿನ ಪಾರ್ಸಲ್ ಬಂದಿತು. ಬ್ಯಾಟಿನ ಜೊತೆಗೆ ಬಂಗಾರದ ಬಣ್ಣದ ಮುದ್ರೆಯುಳ್ಳ ದಪ್ಪ ಕಾಗದ. ಶಾಂತಿಯ ದಿನ ತೀರ್ಥರೂಪರ ಕೈಯಲ್ಲಿ ಬ್ಯಾಟನ್ನಿಟ್ಟಾಗ ಅವರ ಕಣ್ಣು ಒದ್ದೆಯಾದದ್ದನ್ನು ನೋಡಿ, ದುಡ್ಡು ವಸೂಲಾಯಿತೆಂದು ಅಂದುಕೊಂಡೆವು. ಮರುದಿನವೇ ಅದು ಪಡಸಾಲೆಯ ಗೋಡೆ ಏರಿತು.

ಮೋಸದ ಸುಳಿವು ಸಿಕ್ಕಿದ್ದು ಬ್ಯಾಟು ಗೋಡೆ ಏರಿದ ಮೂರನೆಯ ದಿನ. ಮೊಬೈಲಿನ ಅಂಗಡಿಗಳಿಗೊಂದು ಚಟವಿದೆ. ಕೊಂಡ ವಸ್ತುವನ್ನೇ ಮತ್ತೆ ಮತ್ತೆ ತೋರಿಸುತ್ತವೆ. ಅಂದು ಅಂಥವೇ ಇನ್ನೂ ಐದು ಬ್ಯಾಟುಗಳು ಸಾಲಾಗಿ ನಿಂತಿದ್ದವು. ಐದರ ಮೇಲೂ ಸಹಿ ಅದೇ. ಬಾಲದ ತಿರುವೂ ಅದೇ, ಚುಕ್ಕೆಯ ಜಾಗವೂ ಅದೇ. ಆಗ ರಜೆಗೆ ಹೋದ ಕಾರಕೂನ ಒಮ್ಮೆಲೆ ಮರಳಿ ಬಂದ. ಒಬ್ಬ ಮನುಷ್ಯನ ಎರಡು ಸಹಿಗಳು ಎಂದೂ ತದ್ರೂಪವಾಗಿರುವದಿಲ್ಲ. ಒಂದರ ಮೇಲೊಂದಿಟ್ಟರೆ ಕೂದಲೆಳೆಯಷ್ಟೂ ತಪ್ಪದೆ ಕೂಡುವ ಸಹಿಗಳಿದ್ದರೆ ಅವು ಕೈಯಿಂದ ಬಂದವಲ್ಲ. ಕಚೇರಿಯಲ್ಲಿ ಹೊಸಬರಿಗೆ ನಾವು ಕಲಿಸುವ ಮೊದಲನೆಯ ಪಾಠವಿದು. ಕನ್ನಡಿ ಹಿಡಿದು ನೋಡಿದೆವು. ಪೆನ್ನಿನ ಮಸಿ ಕಟ್ಟಿಗೆಯ ನಾರಿನಗುಂಟ ಅಲ್ಲಲ್ಲಿ ಹರಡಬೇಕು, ಗೆರೆಯ ಆರಂಭದಲ್ಲಿ, ಕೊನೆಯಲ್ಲಿ ದಪ್ಪ-ತೆಳು ಇರಬೇಕು. ಇಲ್ಲಿ ಎಲ್ಲವೂ ಸಮ. ಬ್ಯಾಟಿನ ಮೇಲಿನ ಕಂಪನಿಯ ಚಿತ್ರದ ಹಾಗೆಯೇ ಸಹಿಯೂ ಅಚ್ಚಿನದು.

ಪ್ರಮಾಣಪತ್ರವನ್ನು ತೆಗೆದು ಮತ್ತೆ ಓದಿದೆವು. 'ಈ ಸಹಿ ಅಸಲಿಯೆಂದು ಪ್ರಮಾಣೀಕರಿಸಲಾಗಿದೆ' ಎಂದಷ್ಟೇ ಇತ್ತು. ಯಾವ ದಿನ ಸಹಿಯಾಯಿತು, ಯಾವ ಊರಲ್ಲಿ, ಯಾರ ಸಮಕ್ಷಮ, ಪ್ರಮಾಣೀಕರಿಸಿದವರು ಯಾರು, ಒಂದೂ ಇಲ್ಲ. ಇಂಥ ಕಾಗದ ನಮ್ಮ ಟೇಬಲಿಗೆ ಬಂದಿದ್ದರೆ ಹತ್ತು ನಿಮಿಷದಲ್ಲಿ ಶರಾ ಹೊತ್ತು ಮರಳುತ್ತಿತ್ತು.

ನಮ್ಮ ಮನೆಯವರಿಗೆ ಹೇಳಿದೆವು.

"ಅಲ್ರೀ, ದಿನಾ ಮಂದೀ ಸಹಿಯೊಳಗ ತಪ್ಪು ಹುಡುಕತೀರಿ, ನಿಮ್ಮ ಮನಿಗೆ ಬಂದದ್ದನ್ನ ನೋಡಲಿಕ್ಕೆ ಆಗಲಿಲ್ಲೇನು?" ಎಂದರು. ಮರುಕ್ಷಣವೇ ದನಿ ತಗ್ಗಿಸಿ, "ಮಾವನವರಿಗೆ ಹೇಳತೀರೇನು?" ಎಂದು ಕೇಳಿದರು.

ಹೇಳಲಿಲ್ಲ. ಪಡಸಾಲೆಯಲ್ಲಿ ತೀರ್ಥರೂಪರು ಬಂದವರಿಗೆಲ್ಲ ಬ್ಯಾಟು ತೋರಿಸಿ 1974ರ ಕಥೆ ಹೇಳುತ್ತಿದ್ದರು. ಎಂಟು ವರುಷದಿಂದ ಮೊಣಕಾಲು ನೋವೆಂದು ಕುರ್ಚಿ ಬಿಡದವರು, ಎದ್ದು ನಿಂತು ವಿಶ್ವನಾಥರ ಸ್ಕ್ವೇರ್ ಕಟ್ ಹೊಡೆದು ತೋರಿಸುತ್ತಿದ್ದರು. ಅದನ್ನು ಹೇಗೆ ನಿಲ್ಲಿಸುವದು? ಮರಳಿಸಲು ಇದ್ದ ಹತ್ತು ದಿನಗಳ ಅವಧಿ ಹೀಗೆ ನಮ್ಮ ಕಣ್ಣೆದುರೇ ತೀರಿತು.

ಇಪ್ಪತ್ತೆರಡನೆಯ ದಿನ ನಮ್ಮ ಸಂಘದ ಹಿರಿಯರೊಬ್ಬರು ಮನೆಗೆ ಬಂದರು. ರಾಜ್ಯೋತ್ಸವಕ್ಕೆ ಸದಸ್ಯರ ಮನೆಯ ಹಳೆಯ ವಸ್ತುಗಳ ಪ್ರದರ್ಶನವಿದೆ, ಬ್ಯಾಟನ್ನು ಕೊಡಬೇಕು, ಕೆಳಗೆ 'ಜಿ. ಆರ್. ವಿಶ್ವನಾಥರ ಸ್ವಹಸ್ತದ ಸಹಿ' ಎಂದು ಚೀಟಿ ಹಚ್ಚುತ್ತೇವೆ ಎಂದರು. ತೀರ್ಥರೂಪರು ಸಂತೋಷದಿಂದ ಒಪ್ಪಿದರು. ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮನೆಯ ಗೋಡೆಯ ಮೇಲಿನ ಸುಳ್ಳು ಬೇರೆ, ತಂದೆಯ ಹೆಸರಿನಲ್ಲಿ ಸಭೆಯೆದುರು ನಿಲ್ಲುವ ಸುಳ್ಳು ಬೇರೆ. ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿಬಿಟ್ಟೆವು.

"ಅಪ್ಪಾ, ಅದು ಛಾಪಿಸಿದ ಸಹಿ. ಖೊಟ್ಟಿ ಅದ."

ಬಟ್ಟಲನ್ನು ಕೆಳಗಿಟ್ಟರು. "ನಿನಗ ಯಾವಾಗ ಗೊತ್ತಾತು?"

"ಮೂರನೇ ದಿನಾ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಂಗಡ್ಯಾಂವ ಒಂದು ಸಲ ಸುಳ್ಳು ಹೇಳಿದ. ನೀ ಸುಮ್ಮನ ಕೂತು ನನ್ನ ಕಡಿಂದ ಇಪ್ಪತ್ತು ದಿನಾ ಸುಳ್ಳು ಹೇಳಿಸಿದೆಲ್ಲೋ."

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ಅವರೇ ಎದ್ದು ಬ್ಯಾಟನ್ನು ಇಳಿಸಿದರು. ಅಂದು ನಾವು ಕಚೇರಿಗೆ ಹೋಗಿ ಎಷ್ಟು ಕಡತ ತಿರುವಿದರೂ ಆ ಮಾತೇ ಕಿವಿಯಲ್ಲಿತ್ತು.

ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳುತ್ತ, "ಚಿಂತಿ ಯಾಕ ಮಾಡತೀರಿ? ನೀವೂ ಅದನ್ನ ಆನ್‌ಲೈನಿಗೆ ಹಾಕಿ ಏಳು ಸಾವಿರಕ್ಕ ಮಾರಿಬಿಡ್ರಿ, ಪ್ರಮಾಣಪತ್ರ ಅಂತೂ ಇದ್ದ ಇದೆ" ಎಂದರು. ಒಂದು ಕ್ಷಣ, ನಾಚಿಕೆಯಿಂದ ಒಪ್ಪುತ್ತೇವೆ, ಆ ಮಾತು ರುಚಿಸಿತು. ಆಮೇಲೆ ಇನ್ನೊಂದು ಊರಿನ ಇನ್ನೊಂದು ಪಡಸಾಲೆ ಕಣ್ಣಿಗೆ ಕಟ್ಟಿತು. ಖೊಟ್ಟಿ ವಸ್ತುಗಳು ಬೆಳೆಯುವದು ಹೀಗೆಯೇ: ಒಬ್ಬ ಕಳ್ಳ ಹುಟ್ಟಿಸಿದರೆ ನಾಚಿಕೊಂಡ ನೂರು ಸಜ್ಜನರು ಸಾಗಹಾಕುತ್ತಾರೆ.

ಇದು ನಮ್ಮ ದೇಶದ ರೋಗವೊಂದೇ ಅಲ್ಲ. ಅಮೇರಿಕೆಯಲ್ಲಿ 1990ರ ದಶಕದ ಕೊನೆಗೆ ಅಲ್ಲಿಯ ಎಫ್.ಬಿ.ಐ. ಪೊಲೀಸರು 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಕಳ್ಳ ಸಹಿಗಾರರ ದೊಡ್ಡ ಜಾಲವನ್ನು ಹಿಡಿದರು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದವು! ಆ ತಾಯಿ ಕಲಕತ್ತೆಯಲ್ಲಿ ಕುಷ್ಠರೋಗಿಗಳ ಸೇವೆ ಬಿಟ್ಟು ಬೇಸ್‌ಬಾಲ್ ಚೆಂಡಿಗೆ ಎಂದು ಸಹಿ ಹಾಕಿದರೋ ಎಂದು ಕೊಳ್ಳುವವರು ಒಮ್ಮೆ ಯೋಚಿಸಿದ್ದರೆ ಸಾಕಿತ್ತು. ಆದರೆ ಆಸೆಗೆ ಯೋಚನೆ ಎಲ್ಲಿಯದು?

ಹಾಗಾದರೆ ಖರೇ ವಸ್ತುಗಳೇ ಇಲ್ಲವೆ? ಇವೆ, ಮತ್ತು ಅವಕ್ಕೆ ಬೆಲೆಯೂ ಇದೆ. 2011ರ ಏಪ್ರಿಲ್ 2ರಂದು ವಿಶ್ವಕಪ್ಪಿನ ಕೊನೆಯ ಸಿಕ್ಸರ್ ಹೊಡೆದ ಧೋನಿಯವರ ಬ್ಯಾಟು ಅದೇ ವರುಷ ಲಂಡನ್ನಿನಲ್ಲಿ ದಾನಾರ್ಥ ಲಿಲಾವಿನಲ್ಲಿ ಒಂದು ಲಕ್ಷ ಪೌಂಡಿಗೆ ಹೋಯಿತು. 2024ರ ಆಗಸ್ಟಿನಲ್ಲಿ ನಮ್ಮ ಮಂಗಳೂರಿನ ಕೆ. ಎಲ್. ರಾಹುಲ್ ದಂಪತಿಗಳು ನಡೆಸಿದ ದಾನದ ಲಿಲಾವಿನಲ್ಲಿ ವಿರಾಟ ಕೊಹ್ಲಿಯವರ ಅಂಗಿಗೆ 40 ಲಕ್ಷ, ರಾಹುಲ್ ದ್ರಾವಿಡರ ಬ್ಯಾಟಿಗೆ 11 ಲಕ್ಷ ರೂಪಾಯಿ ಬಂದವು. ಈ ಬೆಲೆ ಕಟ್ಟಿಗೆಯದೂ ಅಲ್ಲ, ಬಟ್ಟೆಯದೂ ಅಲ್ಲ; ಆಟಗಾರನ ಕೈಯಿಂದ ಕೊಳ್ಳುವವನ ಕೈವರೆಗೆ ಕಡಿಯದೆ ಬಂದ ಸಾಕ್ಷಿಯದು. ಕಚೇರಿಯ ಭಾಷೆಯಲ್ಲಿ ಹೇಳುವದಾದರೆ ಆವಕ-ಜಾವಕ ನೋಂದಣಿ ಸರಿಯಿದ್ದರೆ ಮಾತ್ರ ಕಾಗದಕ್ಕೆ ಬೆಲೆ.

ಮುಂದಿನ ರವಿವಾರ ತೀರ್ಥರೂಪರನ್ನು ಸಹಕಾರನಗರಕ್ಕೆ ಕರೆದೊಯ್ದೆವು. ಅಲ್ಲಿ ರೋಹನ್ ಪಾಟೆಯವರು 2012ರಲ್ಲಿ ತೆರೆದ 'ಬ್ಲೇಡ್ಸ್ ಆಫ್ ಗ್ಲೋರಿ' ಎಂಬ ಕ್ರಿಕೆಟ್ ವಸ್ತುಸಂಗ್ರಹಾಲಯವಿದೆ. ಕನ್ನಡಕ ಏರಿಸಿ ಒಂದೊಂದೇ ಬ್ಯಾಟಿನ ಮುಂದೆ ನಿಂತು ಸಹಿ ನೋಡಿದ ತೀರ್ಥರೂಪರು ಹೊರಗೆ ಬಂದು, "ಖರೇದು ನೋಡಿದ ಮ್ಯಾಲೆ ಖೊಟ್ಟಿದು ತಾನ ತಿಳೀತದ" ಎಂದರು. ನಮ್ಮೊಡನೆ ಅವರು ಸರಿಯಾಗಿ ಮಾತನಾಡಿದ್ದು ಅಂದೇ.

ಇನ್ನು ಹಣದ ಮಾತು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಪ್ರತಿಯೊಂದು ಅಂಗಡಿಗೂ ದೂರು ಕೇಳುವ ಅಧಿಕಾರಿಯೊಬ್ಬ ಇರಲೇಬೇಕು. ಅವನು 48 ತಾಸಿನೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜಾಹೀರಾತಿನಲ್ಲಿ ಹೇಳಿದಂತಿರದ ಮಾಲನ್ನು ಮರಳಿ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಐದು ಬ್ಯಾಟುಗಳ ಚಿತ್ರ ಹಚ್ಚಿ ದೂರು ಬರೆದೆವು. 'ಅವಧಿ ಮೀರಿದೆ' ಎಂಬ ಒಂದು ಸಾಲಿನ ಉತ್ತರ ಬಂತು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ಅಲ್ಲಿಯೂ ದೂರು ದಾಖಲಿಸಿದ ಮೇಲೆ ರಾಜಿಗೆ ಬಂದರು. 4,000 ರೂಪಾಯಿ ಮರಳಿತು. ಉಳಿದ 2,800 ರೂಪಾಯಿ ನಮ್ಮ ಮೌನದ ದಂಡವೆಂದು ಖರ್ಚು ಬರೆದೆವು. ಬ್ಯಾಟಿನ ಮೇಲಿನ ಸಹಿಯನ್ನು ತೀರ್ಥರೂಪರು ಸ್ವತಃ ಉಸುಕಿನ ಕಾಗದದಿಂದ ಉಜ್ಜಿ ತೆಗೆದು ಮೊಮ್ಮಗನಿಗೆ ಆಡಲು ಕೊಟ್ಟರು.

ಆನ್‌ಲೈನ್ ಪೇಟೆಯ ಹೆಸರೆತ್ತಬಾರದೆಂದು ನಾವು ಆಣೆ ಮಾಡಿದ್ದರೂ ನಮ್ಮ ಮನೆಯವರು ಮಾಡಿರಲಿಲ್ಲ. ಅವರು ಹುಬ್ಬಳ್ಳಿಯ ಒಬ್ಬರಿಂದ 320 ರೂಪಾಯಿಗೆ ಹಳೆಯ ಕ್ರೀಡಾ ಪತ್ರಿಕೆಗಳ ಒಂದು ಕಟ್ಟನ್ನು ಮೊಬೈಲಿನ ಮೇಲೆಯೇ ತರಿಸಿದರು. ಅರ್ಧಕ್ಕೆ ಗೆದ್ದಲು ಹತ್ತಿತ್ತು. ಆದರೆ ಒಂದರ ನಡುವೆ ನಾಲ್ಕಾಗಿ ಮಡಚಿದ ಶಾಲೆಯ ವಹಿಯ ಹಾಳೆಯೊಂದಿತ್ತು. ಯಾವನೋ ಹುಡುಗ ರೇಡಿಯೋ ಕೇಳುತ್ತ ಪೆನ್ಸಿಲಿನಿಂದ ಬರೆದುಕೊಂಡ ಅದೇ ಸೆಮಿಫೈನಲಿನ ಸ್ಕೋರು! ತೀರ್ಥರೂಪರು ಗಟ್ಟಿಯಾಗಿ ಓದಿದರು: "ವಿಶ್ವನಾಥ 162... ಪಟೇಲ 106..." ಗಾವಸ್ಕರರ ಹೆಸರಿನ ಮುಂದೆ 'ಬೌಲ್ಡ್ ಪ್ರಸನ್ನ' ಎಂದು ಬರೆದು ಹುಡುಗ ಅಡಿಗೆರೆ ಎಳೆದ ರಭಸಕ್ಕೆ ಅಲ್ಲಿ ಕಾಗದವೇ ಹರಿದಿತ್ತು. ಆ ಹರಕಿನ ಮೇಲೆ ಬೆರಳಾಡಿಸಿ ತೀರ್ಥರೂಪರು ನಕ್ಕರು. "ಇದು ಖರೇದು ನೋಡು" ಎಂದರು.

ರಾಜ್ಯೋತ್ಸವದ ಪ್ರದರ್ಶನಕ್ಕೆ ಹೋದದ್ದು ಆ ಹಾಳೆ. ಕೆಳಗಿನ ಚೀಟಿಯನ್ನು ಅವರೇ ಬರೆದರು: 'ಗುರುತಿಲ್ಲದ ಹುಡುಗನ ಬರೆಹ. ಹುಬ್ಬಳ್ಳಿಯಿಂದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಬಂದದ್ದು. ಕಟ್ಟಿನ ಬೆಲೆ ರೂ. 320.'

ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಜುನಾ ಬಾಜಾರದಲ್ಲಿ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಬಹುದು, ಮೊಬೈಲಿನಲ್ಲಿ ಆಗದು. ಆದುದರಿಂದ ಕೊಳ್ಳುವ ಮುಂಚೆ ಯಾರು, ಎಂದು, ಎಲ್ಲಿ, ಯಾರೆದುರು ಎಂದು ಕೇಳಿರಿ. ಇಂಥದೇ ಸಹಿ ಮತ್ತೊಂದರ ಮೇಲಿದೆಯೋ ನೋಡಿರಿ. ಮೋಸಹೋದರೆ ಅಂದೇ ಹೇಳಿಬಿಡಿರಿ, ಅಂಗಡಿಯವನಿಗೂ, ಮನೆಯವರಿಗೂ.

ಇನ್ನೊಂದು ಮಾತು. ಆ ಹಾಳೆಯ ಹುಡುಗ ಈಗ ಅರವತ್ತು ದಾಟಿದ ಅಜ್ಜನಾಗಿರಬೇಕು. ಈ ಪುಟ ಅವರ ಕಣ್ಣಿಗೆ ಬಿದ್ದರೆ ಸಂಘದ ವಿಳಾಸಕ್ಕೆ ಒಂದು ಕಾಗದ ಬರೆಯಲಿ. ಹಾಳೆ ಅವರದು, ಬಂದು ಒಯ್ಯಬಹುದು. ಒಯ್ಯುವ ಮುಂಚೆ ತೀರ್ಥರೂಪರೊಡನೆ ಕುಳಿತು ಒಂದು ಕಪ್ಪು ಚಹಾ ಕುಡಿದು, ಹಾಳೆಯ ಮೂಲೆಯಲ್ಲಿ ಒಂದು ಸಹಿ ಹಾಕಿದರೆ ಸಾಕು. ಅದಕ್ಕೆ ಸಾಕ್ಷಿಯಾಗಿ ನಾವಿರುತ್ತೇವೆ.